ಪಾಗಾರ, ದರೆ, ತೆಂಗಿನ ಮರ: ಈ ಮೂರು ಹಾವಸೆಗಳ ಹೆಸರು ಹಿಡಿಯುವುದು ಹೇಗೆ?

ತುಂಗೆಯಂಚು
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ತೋಟ. ತೋಟದಲ್ಲಿರೋ ಮರ, ಬಳ್ಳಿ, ಜರೀಗಿಡ, ಸೀತಾಳೆ ದಂಡೆ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡ್ತಾ ಬಂದಿದ್ದೇನೆ. ಹಾವಸೆಗೆ, ಅಂದ್ರೆ ಇಂಗ್ಲಿಷಿನ ಮಾಸ್‌ಗೆ, ಬಂದ ಕೂಡಲೇ ಪುಸ್ತಕ ಅಲ್ಲೇ ನಿಂತಿದೆ. ಕೇಳೋಣ ಅಂದ್ರೆ ಹತ್ತಿರದಲ್ಲಿ ಯಾರೂ ಇಲ್ಲ.

ಈಗ ಮೂರು ಹಾವಸೆ ಕೈಯಲ್ಲಿವೆ. ಮೊದಲನೆಯದು ಜಂಬಿಟ್ಟಿಗೆ ಪಾಗಾರದ ಮೇಲಿನದು. ಬಿಸಿಲಿಗೆ ಕಂದಾಗಿ ಮುದುರಿ ಕೂತಿರುತ್ತದೆ, ನೀರು ಚಿಮುಕಿಸಿದರೆ ನೋಡ್ತಾ ಇರೋ ಹಾಗೇ ಬಿಚ್ಚಿ ಹಸಿರಾಗುತ್ತದೆ. ಎರಡನೆಯದು ಮನೆ ಹಿಂದಿನ ದರೆಯ, ಅಂದ್ರೆ ಕಡಿದ ಮಣ್ಣಿನ ಗೋಡೆಯ, ನೆರಳಲ್ಲಿ, ಬರೀ ಮಣ್ಣಿನ ಮೇಲೆ. ಎಲೆಗಳೆಲ್ಲ ಎರಡೇ ಸಾಲು, ಇಡೀ ಗಿಡ ಚಪ್ಪಟೆ. ಮೂರನೆಯದು ತೆಂಗಿನ ಮರದ ಕಾಂಡದ ಮೇಲೆ, ಬಿಳಿ ಮಿಶ್ರಿತ ಹಸಿರು ಮೆತ್ತೆ. ಒಣಗಿದಾಗ ಮುಟ್ಟಿದರೆ ಎಲೆ ಮುರಿದು ಉದುರುತ್ತದೆ.

ಫೋನಿನ ಆ್ಯಪ್ ಮೊದಲನೆಯದನ್ನು ಟಾರ್ಟುಲಾ ಮುರಾಲಿಸ್ ಅಂತಿದೆ. ಉಳಿದೆರಡಕ್ಕೆ ಒಂದೊಂದು ಫೋಟೋಗೆ ಒಂದೊಂದು ಹೆಸರು. 10x ಲೆನ್ಸ್ ಇದೆ, ಮಗಳು ಕಾಲೇಜಿಗೆ ಹೋಗುವಾಗ ಕೊಂಡ ಮೈಕ್ರೋಸ್ಕೋಪ್ ಕೂಡ ಇದೆ. ಎಲ್ಲಿಂದ ಶುರು ಮಾಡಲಿ?

ಕಡಲಕಾಗೆ
ಒಳ್ಳೆ ಪ್ರಶ್ನೆ ಮಾರಾಯ್ರೆ. ನಮ್ಮ ಬಾವಿಕಟ್ಟೆ ತುಂಬ ಇಂಥದ್ದೇ. ಉತ್ತರ ಬಂದ್ರೆ ನನಗೂ ಉಪಕಾರ.

ಹೂಕುಂಡ
ಎರಡನೆಯದು ಹಾವಸೆಯೇ ಅಲ್ಲ ಅನ್ಸುತ್ತೆ. ಚಪ್ಪಟೆ, ಎರಡು ಸಾಲು ಎಲೆ ಅಂದ್ರೆ ಹಾವಸೆಯ ದಾಯಾದಿ ಗಿಡ ಲಿವರ್‌ವರ್ಟ್. ಪಿಯುಸಿಯಲ್ಲಿ ಹಾಗೇ ಓದಿದ ನೆನಪು.

ಬಾಟನಿಮೇಷ್ಟ್ರು
ತುಂಗೆಯಂಚು ಅವರೇ, ಹೆಸರಿನ ಗೊಡವೆ ಈಗಲೇ ಬೇಡ. ಶಿರಸಿ ಕಡೆ ಮಕ್ಕಳಿಗೆ ಪಾಠ ಮಾಡುವಾಗಲೂ ನಾನು ಮೊದಲ ದಿನ ಹೆಸರು ಹೇಳಿಕೊಡುತ್ತಿರಲಿಲ್ಲ. ಲೆನ್ಸ್ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದುಕೊಳ್ಳಿ, ಗಿಡವನ್ನೇ ಲೆನ್ಸಿನ ಹತ್ತಿರ ತನ್ನಿ. ಹೆಚ್ಚಿನವರು ಲೆನ್ಸನ್ನು ಗಿಡದ ಮೇಲೆ ಹಿಡಿದು ತಾವು ದೂರದಿಂದ ಇಣುಕುತ್ತಾರೆ, ಹಾಗಾಗಿ ಅರ್ಧ ಕಾಣುವುದೇ ಇಲ್ಲ.

ಮೊದಲು ನೋಡಬೇಕಾದ್ದು ಕ್ಯಾಪ್ಸೂಲ್, ಅಂದರೆ ದಂಟಿನ ತುದಿಯ ಬೀಜಕದ ಚೀಲ, ಎಲ್ಲಿಂದ ಹುಟ್ಟಿದೆ ಅನ್ನುವುದು. ನೆಟ್ಟಗೆ ನಿಂತ ಗಿಡದ ತುದಿಯಿಂದ ದಂಟು ಎದ್ದಿದ್ದರೆ ಅದೊಂದು ಗುಂಪು. ಹರಡಿಕೊಂಡು, ಕವಲೊಡೆದು ಹೋಗುವ ಗಿಡದ ಮಗ್ಗುಲಿಂದ ಎದ್ದಿದ್ದರೆ ಇನ್ನೊಂದು. ಇಷ್ಟು ನೋಡಿದರೆ ಅರ್ಧ ಕಾಡು ದಾಟಿದಿರಿ. ಆಮೇಲೆ ಎಲೆಗೆ ನಡುನರ ಇದೆಯೇ, ಇದ್ದರೆ ಅರ್ಧಕ್ಕೇ ನಿಲ್ಲುತ್ತದೆಯೇ, ತುದಿ ಮುಟ್ಟುತ್ತದೆಯೇ, ತುದಿ ದಾಟಿ ಹೊರಗೆ ಚಾಚುತ್ತದೆಯೇ ನೋಡಿ. ಒಣಗಿದಾಗ ಎಲೆ ಹೇಗಿರುತ್ತದೆ, ನೆನೆದಾಗ ಹೇಗೆ, ಎರಡನ್ನೂ ಬರೆದುಕೊಳ್ಳಿ. ಪಾಗಾರದ ಗಿಡದ ವಿಷಯದಲ್ಲಿ ಇದನ್ನು ನೀವು ಆಗಲೇ ಮಾಡಿದ್ದೀರಿ, ಸಂತೋಷ.

ಮೂರಕ್ಕೂ ಕ್ಯಾಪ್ಸೂಲ್ ಇದೆಯೇ? ಮಳೆ ಇಳಿದು ನವರಾತ್ರಿ ಹೊತ್ತಿಗೆ ನಮ್ಮ ಕಡೆ ಬೇಕಾದಷ್ಟು ಸಿಗುತ್ತವೆ.

ಸ್ಲೈಡುಹುಡುಗಿ
@ಹೂಕುಂಡ ಅಣ್ಣಾ, ಎರಡು ಸಾಲು ಇದ್ದ ಮಾತ್ರಕ್ಕೆ ಲಿವರ್‌ವರ್ಟ್ ಆಗಲ್ಲ. ಎಲೆ ಇರೋ ಲಿವರ್‌ವರ್ಟುಗಳಲ್ಲಿ ಎಲೆಗೆ ನಡುನರ ಇರಲ್ಲ, ತುಂಬಾ ಜಾತಿಗಳಲ್ಲಿ ಎಲೆ ಹೋಳು ಹೋಳಾಗಿರುತ್ತೆ, ಕೆಳಗಡೆ ಸಣ್ಣ ಎಲೆಗಳ ಮೂರನೇ ಸಾಲೂ ಇರಬಹುದು. ಬೇರಿನ ಥರ ಕಾಣೋ ರೈಜಾಯ್ಡ್‌ಗಳು ಅವಕ್ಕೆ ಒಂದೇ ಕೋಶದವು. ಹಾವಸೆಯ ರೈಜಾಯ್ಡ್‌ನಲ್ಲಿ ತುಂಬಾ ಕೋಶ ಇರುತ್ತೆ, ಅಡ್ಡಗೋಡೆಗಳು ಓರೆ. 10x ಆಬ್ಜೆಕ್ಟಿವ್‌ನಲ್ಲೇ ಇದು ಕಾಣುತ್ತೆ.

ತುಂಗೆಯಂಚು ಅಂಕಲ್, ದರೆ ಗಿಡದ ಎಲೆಗೆ ನಡುನರ ಇದ್ದರೆ ಅದು ಫಿಸಿಡೆನ್ಸ್ ಅಂತ ನನ್ನ ಅಂದಾಜು. ಖಾತ್ರಿ ಮಾಡ್ಕೊಳ್ಳೋಕೆ ಎಲೆಯ ಬುಡ ನೋಡಿ. ಫಿಸಿಡೆನ್ಸ್‌ನಲ್ಲಿ ಎಲೆಯ ಕೆಳಭಾಗ ಎರಡು ಪದರ ಆಗಿ ಕಾಂಡವನ್ನೂ ಮೇಲಿನ ಎಲೆಯ ಬುಡವನ್ನೂ ಒಳಗೆ ಹಿಡಿದುಕೊಂಡಿರುತ್ತೆ. ಸೂಜಿಯಿಂದ ಬಿಡಿಸಿದ್ರೆ ಬಾಯಿ ತೆರೆಯುತ್ತೆ. ಬೇರೆ ಯಾವ ಹಾವಸೆಗೂ ಅಂಥ ಎಲೆ ಇಲ್ಲ.

ತುಂಗೆಯಂಚು
ನಡುನರ ಇದೆಯಮ್ಮಾ, ತುದಿವರೆಗೂ ಇದೆ. ಬುಡ ಬಿಡಿಸಿ ನೋಡ್ತೇನೆ. ಪಾಗಾರದ್ದಕ್ಕೂ ತೆಂಗಿನದ್ದಕ್ಕೂ ಕ್ಯಾಪ್ಸೂಲ್ ಇವೆ, ಎರಡೂ ನೆಟ್ಟಗೆ, ಗಿಡದ ತುದಿಯಿಂದಲೇ.

ಹೊರನಾಡುಗಾಳಿ
ಪಾಗಾರದ್ದು ಖಂಡಿತ ಟಾರ್ಟುಲಾ ಮುರಾಲಿಸ್ ಅಲ್ಲ. ನಾನಿರೋದು ಇಂಗ್ಲೆಂಡಿನಲ್ಲಿ, ಊರು ಸಾಗರ. ಇಲ್ಲಿ ಯಾವ ಇಟ್ಟಿಗೆ ಗೋಡೆ ನೋಡಿದರೂ ಮುರಾಲಿಸ್. ಪ್ರತಿ ಎಲೆಯ ತುದಿಯಲ್ಲೂ ಉದ್ದನೆಯ ಬೆಳ್ಳಿ ಬಣ್ಣದ ಕೂದಲು ಇರ್ತದೆ, ಬರಿಗಣ್ಣಿಗೇ ಕಾಣ್ತದೆ. ಕ್ಯಾಪ್ಸೂಲಿನ ಮುಚ್ಚಳ ಬಿದ್ದಮೇಲೆ ಒಳಗಿನ ಹಲ್ಲುಗಳು ಉದ್ದವಾಗಿ ತಿರುಚಿಕೊಂಡಿರ್ತವೆ. ನೀವು ಹೇಳಿದ್ದರಲ್ಲಿ ಕೂದಲಿನ ಮಾತೇ ಬರಲಿಲ್ಲ.

ಇಲ್ಲಿಯವರಿಗೆ ಹಾವಸೆ ನೋಡುವ ರೂಢಿ ಹಳೆಯದು. 1896ರಲ್ಲೇ ಹಾವಸೆ ಪೊಟ್ಟಣಗಳನ್ನು ಅಂಚೆಯಲ್ಲಿ ಪರಸ್ಪರ ಕಳಿಸಿಕೊಳ್ಳುವ ಒಂದು ಕ್ಲಬ್ ಶುರುವಾಯ್ತು. ಅದೇ 1923ರಲ್ಲಿ ಬ್ರಿಟಿಷ್ ಬ್ರಯೊಲಾಜಿಕಲ್ ಸೊಸೈಟಿ ಆಯ್ತು. ಅಂಚೆ ನೌಕರರು, ಟೀಚರುಗಳು, ಪಾದ್ರಿಗಳು ಸೇರಿ ಕಟ್ಟುವಂಥ ಕೆಲಸ ಇದು. ನಮ್ಮ ಮಲೆನಾಡಿನಲ್ಲಿ ಯಾಕೆ ಆಗಬಾರದು?

ಹೂಕುಂಡ
ಆದ್ರೆ ಅದೇ ಆ್ಯಪ್ ನನಗೆ ಬಾಲ್ಕನಿ ಗಿಡಗಳ ಹೆಸರನ್ನೆಲ್ಲ ಸರಿಯಾಗಿ ಹೇಳಿದೆ. ಪೂರ್ತಿ ತಳ್ಳಿಹಾಕೋದು ಸರಿಯಲ್ಲ.

ಸ್ಲೈಡುಹುಡುಗಿ
ಹೂವಿಗೆ ಸರಿ ಅಣ್ಣಾ. ಹೂವಿನ ಗಿಡದಲ್ಲಿ ಗುರುತು ಫೋಟೋದಲ್ಲೇ ಇರುತ್ತೆ. ಹಾವಸೆಯಲ್ಲಿ ಗುರುತು ಇರೋದು ಕೋಶದ ಮೇಲಿನ ಗುಬುಟಿನಲ್ಲಿ, ಎಲೆಯ ಅಡ್ಡಕೊಯ್ತದಲ್ಲಿ. ಫೋನ್ ಕ್ಯಾಮೆರಾಗೆ ಕಾಣದೇ ಇರೋದನ್ನ ಆ್ಯಪ್ ಹೇಗೆ ಹೇಳುತ್ತೆ? ಗೋಡೆ ಮೇಲೆ ಸಣ್ಣ ಹಸಿರು ಮೆತ್ತೆ ಅಂದ ಕೂಡಲೇ ಯುರೋಪಿನ ಹೆಸರು ಮುಂದಿಡುತ್ತೆ. ಅದನ್ನ ನೋಡಿ ಹತ್ತು ಜನ ಒಪ್ಪಿಗೆ ಒತ್ತಿಬಿಟ್ಟರೆ ನಾಳೆ ನಕ್ಷೆಯಲ್ಲಿ ತೀರ್ಥಹಳ್ಳಿಯಲ್ಲೂ ಮುರಾಲಿಸ್ ಅಂತ ಬರುತ್ತೆ. ನನಗೆ ಸಿಟ್ಟು ಬರೋದು ಅದಕ್ಕೇ.

ಬಾಟನಿಮೇಷ್ಟ್ರು
ಪಾಗಾರದ್ದು ಹಯೋಫಿಲಾ ಇನ್ವಾಲ್ಯೂಟಾ ಎಂದು ನನಗೆ ಬಲವಾಗಿ ಅನಿಸುತ್ತಿದೆ. ಜಂಬಿಟ್ಟಿಗೆ, ಸಿಮೆಂಟು, ಬಾವಿಕಟ್ಟೆ, ಹಳ್ಳದ ಬಂಡೆ, ಎಲ್ಲ ಕಡೆ ಇದೇ. ಒಣಗಿದಾಗ ಎಲೆಯ ಎರಡೂ ಅಂಚು ವೀಳ್ಯದೆಲೆ ಸುತ್ತಿದ ಹಾಗೆ ಒಳಕ್ಕೆ ಸುರುಳಿಯಾಗುತ್ತವೆ. ಮುಚ್ಚಳ ಬಿದ್ದ ಕ್ಯಾಪ್ಸೂಲ್ ಹುಡುಕಿ ಬಾಯಿ ನೋಡಿ. ಹಲ್ಲು ಒಂದೂ ಇಲ್ಲದಿದ್ದರೆ ಹಯೋಫಿಲಾ ಕಡೆಗೇ.

ಮಳಿಮಾಡ
ನಮಸ್ಕಾರ್ರಿ, ಧಾರವಾಡದಿಂದ. ಮೇಷ್ಟ್ರ, ಒಂದ್ ಮಾತು. ಗ್ವಾಡಿ ಮ್ಯಾಲ ಹಲ್ಲಿಲ್ಲದ್ದೆಲ್ಲಾ ಹಯೋಫಿಲಾ ಅಂದ್ರ ಹೆಂಗ್ರಿ? ಹಲ್ಲು ಭಾಳ ಸೂಕ್ಷ್ಮ, ಹಳೆ ಕ್ಯಾಪ್ಸೂಲಿನಾಗ ಮುರದು ಬಿದ್ದಿರ್ತಾವ. ನಮ್ಮ ಕಡೆ ಹಳೆ ಗ್ವಾಡಿ ಮ್ಯಾಲ ಸೆಮಿಬಾರ್ಬುಲಾ ಓರಿಯೆಂಟಾಲಿಸ್‌ನೂ ಐತಿ. ಮುಚ್ಚಳ ಆಗಷ್ಟ ಸಡ್ಲ ಆಗಿರೋದನ್ನ ತಗೊಂಡು, ನೀರಾಗ ಇಟ್ಟು, ಸೂಜೀಲೆ ಮುಚ್ಚಳ ಎಬ್ಬಿಸಿ ನೋಡ್ರಿ. ಆವಾಗ ಖರೇ ಏನಂತ ಗೊತ್ತಾಗ್ತದ.

ಬಾಟನಿಮೇಷ್ಟ್ರು
ಸರಿಯಾದ ಮಾತು ಮಳಿಮಾಡ ಅವರೇ. ಅದಕ್ಕೇ ಎಲೆಯನ್ನೂ ಸೇರಿಸಿಕೊಂಡೇ ತೀರ್ಮಾನಿಸಬೇಕು. ಹಯೋಫಿಲಾದಲ್ಲಿ ಎಲೆಯ ಮೇಲ್ಮೈ ಕೋಶಗಳು ಒಂದೊಂದೂ ಉಬ್ಬಿರುತ್ತವೆ, ಕೆಳಮೈ ನುಣುಪು. ಎಲೆಯ ತುದಿಯ ಹತ್ತಿರ ಅಂಚಿಗೆ ಗರಗಸದ ಹಲ್ಲು. ಸೆಮಿಬಾರ್ಬುಲಾದಲ್ಲಿ ಕೋಶಗಳ ಮೇಲೆ ಸಣ್ಣ ಸಣ್ಣ ಗುಬುಟುಗಳಿದ್ದು ನಡುನರದ ಬೆನ್ನೂ ಒರಟು. ಗುಬುಟು ನೋಡಲು ಎಲೆಯನ್ನು ಸ್ಲೈಡ್ ಮೇಲೆ ಮಡಚಿ ಹಾಕಿ, ಮಡಿಕೆಯ ಅಂಚನ್ನು 40xನಲ್ಲಿ ನೋಡಿ. ಮೇಲಿನಿಂದ ನೋಡಿದರೆ ಬರೀ ಚುಕ್ಕೆ. ಮಡಿಕೆಯಲ್ಲಿ ಪಕ್ಕದಿಂದ ಎದ್ದು ಕಾಣುತ್ತವೆ.

ಎಲೆಯ ಕಂಕುಳಲ್ಲಿ ಸಣ್ಣ ಮುಳ್ಳುಮುಳ್ಳಾದ ಹಸಿರು ಗುಂಡುಗಳು ಸಿಕ್ಕರೂ ಬರೆದಿಡಿ. ಅವು ಜೆಮ್ಮಾ. ಹಯೋಫಿಲಾ ಬೀಜಕಕ್ಕೆ ಕಾಯದೆ ಅವುಗಳಿಂದಲೂ ಹರಡುತ್ತದೆ.

ಅಡಿಕೆಭಟ್ಟ
ಈ ಹೆಸರುಗಳೆಲ್ಲ ಇರಲಿ, ನನ್ನದೊಂದು ಕೇಳ್ತೇನೆ. ಅಡಿಕೆ ಮರದ ಮೇಲೆ ಹಾವಸೆ ಹಬ್ಬಿದರೆ ಮರ ಸೊರಗುತ್ತದಾ? ನಮ್ಮ ಕೆಲಸದವರು ಕತ್ತಿಯಲ್ಲಿ ಕೆರೆದು ತೆಗೀಬೇಕು ಅಂತಾರೆ. ಇನ್ನೊಂದು, ಅಂಗಳದಲ್ಲಿ ಹಾವಸೆ ಹಿಡಿದು ಅಮ್ಮ ಜಾರಿ ಬಿದ್ದರು. ಅದಕ್ಕೇನು ಮಾಡೋದು?

ಸ್ಲೈಡುಹುಡುಗಿ
ಭಟ್ರೇ, ಅಮ್ಮ ಹುಷಾರಾಗಿದ್ದಾರಾ? ಹಾವಸೆಗೆ ಬೇರೇ ಇಲ್ಲ. ರೈಜಾಯ್ಡ್ ಹಿಡಿದು ನಿಲ್ಲೋಕೆ ಅಷ್ಟೇ, ಮರದಿಂದ ಏನನ್ನೂ ಹೀರಲ್ಲ. ನೀರು, ಲವಣ ಎಲ್ಲ ಮಳೆಯಿಂದ, ಮಂಜಿನಿಂದ, ಧೂಳಿನಿಂದ ಎಲೆಯೇ ತಗೊಳ್ಳುತ್ತೆ. ಕೆರೆದರೆ ಮರಕ್ಕೇ ಗಾಯ.

ಕಡಲಕಾಗೆ
ಅಂಗಳದಲ್ಲಿ ಜಾರುವುದು ಹಾವಸೆ ಅಲ್ಲ ಭಟ್ರೇ. ಕಪ್ಪು ಹಸಿರು ಲೋಳೆ ಕಟ್ಟುತ್ತದಲ್ಲ, ಅದು. ಹಾವಸೆ ಇರುವ ಕಡೆ ಕಾಲು ಹಿಡಿಯುತ್ತದೆ ಮಾರಾಯ್ರೆ. ನಮ್ಮಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಹಿಡಿಕಟ್ಟೆಯಲ್ಲಿ ಉಜ್ಜುತ್ತೇವೆ. ಮಳೆಗಾಲದಲ್ಲಿ ಅಡಿಕೆ ಹಾಳೆ ಹಾಸಿಡುತ್ತೇವೆ.

ಬಾಟನಿಮೇಷ್ಟ್ರು
ಕಡಲಕಾಗೆ ಹೇಳಿದ್ದು ಬಹುಮಟ್ಟಿಗೆ ನಿಜ. ಆ ಲೋಳೆ ಹೆಚ್ಚಾಗಿ ನೀಲಿಹಸಿರು ಸೂಕ್ಷ್ಮಜೀವಿಗಳದ್ದು. ನಾಸ್ಟಾಕ್ ಅದರಲ್ಲೊಂದು. ಆದರೆ ನೆನೆದ ಹಾವಸೆ ಕಲ್ಲಿನಿಂದ ಕಳಚಿಕೊಂಡರೆ ಅದರ ಮೇಲೂ ಜಾರುತ್ತದೆ, ವಯಸ್ಸಾದವರು ನಂಬಿ ಕಾಲಿಡಬಾರದು. ಬ್ಲೀಚಿಂಗ್ ಪೌಡರನ್ನು ಬಾವಿಯ ಹತ್ತಿರ, ಮೀನಿರುವ ಹಳ್ಳಕ್ಕೆ ಹೋಗುವ ಕಾಲುವೆ ಹತ್ತಿರ ಹಾಕಬೇಡಿ.

ಅಡಿಕೆಭಟ್ಟ
ಅಮ್ಮ ಆರಾಮ, ಉಳುಕು ಅಷ್ಟೇ. ಕತ್ತಿ ಒಳಗಿಡಿಸ್ತೇನೆ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮರಗಳಲ್ಲಿ ಹಾವಸೆ ಕಮ್ಮಿ ಅಂತ ನನಗೆ ಕಾಣುತ್ತೆ. ಮೈಲುತುತ್ತಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹೊರನಾಡುಗಾಳಿ
ಇದೆ. ಮೈಲುತುತ್ತದಲ್ಲಿರೋ ತಾಮ್ರ ಹಾವಸೆಗೆ ಆಗಿಬರೋದಿಲ್ಲ. ಮೈಮೇಲೆ ಬಿದ್ದ ಲೋಹವನ್ನು ತಡೆಯೋ ತೊಗಟೆ, ಮೇಣ ಏನೂ ಅದಕ್ಕೆ ಇಲ್ಲವಲ್ಲ, ಎಲ್ಲ ಒಳಗೇ ಸೇರ್ತದೆ. 1960ರ ದಶಕದ ಕೊನೆಯಲ್ಲಿ ಸ್ವೀಡನ್‌ನಲ್ಲಿ ಇದನ್ನೇ ಹಿಡಿದು ಗಾಳಿಯಲ್ಲಿನ ಸೀಸ, ಕ್ಯಾಡ್ಮಿಯಮ್ ಅಳೆಯಲು ಶುರು ಮಾಡಿದರು. ಈಗ ಯುರೋಪಿನ ಎಷ್ಟೋ ದೇಶಗಳು ಸೇರಿ ಹಾವಸೆ ಆರಿಸಿ ಅಳೀತವೆ. ನಿಮ್ಮ ತೋಟದಲ್ಲಿ ಹೊಡೆದ ಮರ, ಹೊಡೆಯದ ಮರ ಎರಡನ್ನೂ ಗುರುತು ಹಾಕಿ ನೋಡಿದರೆ ಬೆಲೆಯುಳ್ಳ ಮಾಹಿತಿ ಸಿಗ್ತದೆ.

ಮಳಿಮಾಡ
ತೆಂಗಿನ ಮರದ್ದು ಮರತೇ ಬಿಟ್ರಿ ಎಲ್ಲಾರೂ.

ಸ್ಲೈಡುಹುಡುಗಿ
ಇಲ್ಲ ಸರ್, ಅದು ನನ್ನ ಇಷ್ಟದ ಹಾವಸೆ! ತೆಂಗಿನ ಕಾಂಡದ ಮೇಲೆ ಬಿಳಿಚಿದ ಮೆತ್ತೆ, ಮುಟ್ಟಿದರೆ ಮುರಿಯೋ ದಪ್ಪ ಎಲೆ ಅಂದ್ರೆ ಆಕ್ಟೋಬ್ಲೆಫಾರಮ್ ಆಲ್ಬಿಡಮ್ ಇರಬೇಕು. ಉಷ್ಣವಲಯದಲ್ಲೆಲ್ಲ ತಾಳೆಜಾತಿಯ ಮರಗಳ ಮೇಲೆ ಸಿಗುತ್ತೆ. ಆದರೆ ಲ್ಯೂಕೋಬ್ರಯಮ್ ಕೂಡ ಹೀಗೇ ಬಿಳಿ. ಎರಡರಲ್ಲೂ ಎಲೆಯ ಬಹುಪಾಲು ನಡುನರವೇ ಹರಡಿಕೊಂಡು ಆಗಿರೋದು. ಹಸಿರು ಕೋಶಗಳು ನಡುವೆ, ಮೇಲೂ ಕೆಳಗೂ ನೀರು ತುಂಬಿಕೊಳ್ಳೋ ದೊಡ್ಡ ಖಾಲಿ ಕೋಶಗಳು. ಬಿಳಿ ಬಣ್ಣ ಅದರಿಂದಲೇ.

ಬೇರೆ ಮಾಡೋಕೆ ಎರಡು ದಾರಿ. ಕ್ಯಾಪ್ಸೂಲ್ ಬಾಯಲ್ಲಿ 8 ಹಲ್ಲಿದ್ರೆ ಆಕ್ಟೋಬ್ಲೆಫಾರಮ್, 16 ಇದ್ರೆ ಲ್ಯೂಕೋಬ್ರಯಮ್. ಕ್ಯಾಪ್ಸೂಲ್ ಇಲ್ಲದಿದ್ರೆ ಎಲೆಯ ಟಿ.ಎಸ್., ಅಂದ್ರೆ ಅಡ್ಡಕೊಯ್ತ, ತೆಗೀಬೇಕು. ಹಸಿರು ಕೋಶ ಮೂರು ಮೂಲೆಯದಾಗಿ ಕಂಡರೆ ಮೊದಲನೆಯದು, ನಾಲ್ಕು ಮೂಲೆ ಇದ್ದರೆ ಎರಡನೆಯದು.

ತುಂಗೆಯಂಚು
ಇಷ್ಟು ಸಣ್ಣ ಎಲೆಯ ಅಡ್ಡಕೊಯ್ತ ತೆಗೆಯೋದು ಹೇಗೆ? ಬ್ಲೇಡ್ ಹಿಡಿದರೆ ಎಲೆಯೇ ಕಾಣಲ್ಲ.

ಬಾಟನಿಮೇಷ್ಟ್ರು
ಒಂದೇ ಎಲೆ ಕೊಯ್ಯಲು ಹೋಗಬೇಡಿ. ನೆನೆಸಿದ ಇಡೀ ಗಿಡವನ್ನು ಸ್ಲೈಡ್ ಮೇಲೆ ಮಲಗಿಸಿ, ನೀರು ತುಸುವೇ ಇರಲಿ. ಇನ್ನೊಂದು ಸ್ಲೈಡಿನ ಅಂಚನ್ನು ಅದರ ಮೇಲೆ ಒತ್ತಿ ಹಿಡಿದು, ಆ ಅಂಚಿಗೆ ತಾಗಿಸಿ ಹೊಸ ಬ್ಲೇಡಿನಿಂದ ಕೊಯ್ಯುತ್ತ ಒತ್ತಿದ ಸ್ಲೈಡನ್ನು ಕೂದಲೆಳೆಯಷ್ಟು ಹಿಂದೆ ಸರಿಸುತ್ತ ಹೋಗಿ. ಐವತ್ತು ಚೂರಾದರೆ ಅದರಲ್ಲಿ ನಾಲ್ಕೈದು ಮಗುಚಿ ನಿಂತು ಸರಿಯಾದ ಕೊಯ್ತ ತೋರಿಸುತ್ತವೆ, ಅಷ್ಟು ಸಾಕು. ಬ್ಲೇಡ್ ಹೊಸದೇ ಇರಬೇಕು. ಕ್ಯಾರೆಟ್ ಸೀಳಿನ ನಡುವೆ ಇಟ್ಟು ಕೊಯ್ಯುವವರೂ ಇದ್ದಾರೆ, ದಪ್ಪ ಎಲೆಯ ಆಕ್ಟೋಬ್ಲೆಫಾರಮ್‌ಗೆ ಅದು ಒಗ್ಗುತ್ತದೆ.

ಒಣ ಗಿಡದಲ್ಲಿ ಗಾಳಿಗುಳ್ಳೆ ಕಾಟ ಕೊಟ್ಟರೆ ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು ಹಾಕಿ ಅದರಲ್ಲಿ ಗಿಡ ಅದ್ದಿ.

ಮಳಿಮಾಡ
ಮತ್ತ ಎಲಿ ಯಾವ್ದು ತಗೋತೀರಿ ಅನ್ನೂದೂ ಮುಖ್ಯ ಐತ್ರಿ. ಗಿಡದ ನಡುವಿಂದ ತಗೀರಿ. ತುದೀಗಿಂದು ಎಳಸು, ಬುಡದ್ದು ಹಳೇದು, ಕ್ಯಾಪ್ಸೂಲ್ ಸುತ್ತಲಿಂದು ಬ್ಯಾರೇನ ಆಕಾರ ಇರ್ತದ.

ಹೂಕುಂಡ
ನನ್ನ ಹತ್ರ ಮೈಕ್ರೋಸ್ಕೋಪ್ ಇಲ್ಲ. ಕಾಗದದ ಫೋಲ್ಡ್‌ಸ್ಕೋಪ್ ಇದೆ. ಅದರಲ್ಲಿ ಏನಾದ್ರೂ ಕಾಣುತ್ತಾ?

ಸ್ಲೈಡುಹುಡುಗಿ
ಧಾರಾಳವಾಗಿ. ಮನು ಪ್ರಕಾಶ್ ಅವರ ತಂಡ ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ್ದಲ್ವಾ, ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತೆ. ಎಲೆಯ ಅಂಚು, ನಡುನರ, ಕೋಶದ ಆಕಾರ, ಕ್ಯಾಪ್ಸೂಲಿನ ಹಲ್ಲು ಎಲ್ಲ ಸಿಗುತ್ತೆ. ಸಣ್ಣ ಗುಬುಟು ಮಾತ್ರ ಕಷ್ಟ. ಬೆಂಗಳೂರಲ್ಲಿ ಫುಟ್‌ಪಾತ್ ಸಂದಿಯಿಂದ ಶುರು ಮಾಡಿ. ಬೆಳ್ಳಿಹೊಳಪಿನ ಬ್ರಯಮ್ ಆರ್ಜೆಂಟಿಯಮ್ ಹುಡುಕಿ. ಎಲೆಯ ಮೇಲ್ಭಾಗದ ಕೋಶಗಳಲ್ಲಿ ಹಸಿರೇ ಇಲ್ಲದ್ದನ್ನ ಫೋಲ್ಡ್‌ಸ್ಕೋಪಿನಲ್ಲೇ ನೋಡಬಹುದು.

ಕಡಲಕಾಗೆ
ನಮ್ಮ ಹಳೆ ಬಾವಿಯ ಒಳಗೋಡೆಯಲ್ಲಿ ಒಂದುಂಟು, ಓರೆಯಿಂದ ನೋಡಿದರೆ ಬಂಗಾರದ ಹಸಿರು ಹೊಳೆಯುತ್ತದೆ. ಅದು ಯಾವ ಹಾವಸೆ?

ಬಾಟನಿಮೇಷ್ಟ್ರು
ಎಲೆ ಕಾಂಡ ಇಲ್ಲದೆ ತೆಳ್ಳಗೆ ಹರಡಿಕೊಂಡಿದ್ದರೆ ಅದು ಸಯಾಥೋಡಿಯಮ್, ಲಿವರ್‌ವರ್ಟ್. ಅದು ಬೆಳಕು ಕೊಡುವುದಿಲ್ಲ, ಕತ್ತಲಲ್ಲಿ ಬಂದ ಚೂರು ಬೆಳಕನ್ನೇ ತಿರುಗಿಸುತ್ತದೆ. ಮುಟ್ಟದೆ ಇರಲು ಬಿಡಿ, ಬಹಳ ನಾಜೂಕು.

ತುಂಗೆಯಂಚು
ಎಲ್ಲರಿಗೂ ಹೇಳ್ಬೇಕು, ಎರಡು ರಾತ್ರಿ ಮೈಕ್ರೋಸ್ಕೋಪ್ ಬಿಟ್ಟು ಏಳಲೇ ಇಲ್ಲ.

ಪಾಗಾರದ್ದು: ಮುಚ್ಚಳ ಆಗಷ್ಟೇ ಸಡಿಲವಾಗಿದ್ದ ಕ್ಯಾಪ್ಸೂಲನ್ನೇ ಮಳಿಮಾಡ ಅವರು ಹೇಳಿದ ಹಾಗೆ ಬಿಡಿಸಿದೆ. ಬಾಯಿ ನುಣ್ಣಗೆ, ಹಲ್ಲು ಇಲ್ಲ. ಎಲೆ ಮಡಚಿ ನೋಡಿದೆ, ಒಂದು ಮೈ ಉಬ್ಬು, ಇನ್ನೊಂದು ನುಣುಪು. ತುದಿ ಅಂಚಿಗೆ ಗರಗಸ. ಕಂಕುಳಲ್ಲಿ ಮುಳ್ಳಿನ ಜೆಮ್ಮಾಗಳೂ ಸಿಕ್ಕವು.

ತೆಂಗಿನದ್ದು: 8 ಹಲ್ಲು. ಟಿ.ಎಸ್. ಕೂಡ ಬಂತು, ಹಸಿರು ಕೋಶಕ್ಕೆ ಮೂರೇ ಮೂಲೆ. ಕಂಡಾಗ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ.

ದರೆಯದ್ದು: ಎಲೆಯ ಬುಡ ಸೂಜಿಗೆ ಬಾಯಿ ಬಿಟ್ಟಿತು. ಎಲೆಯಂಚಿನಲ್ಲಿ ಉದ್ದುದ್ದ ಕೋಶಗಳ ಒಂದು ಪಟ್ಟಿ ಇದೆ, ಆದರೆ ಇಡೀ ಎಲೆಗಿಲ್ಲ, ಕಾಂಡ ಹಿಡಿದ ಆ ಬುಡದ ಭಾಗಕ್ಕೆ ಮಾತ್ರ. ಕೋಶಗಳ ಮೇಲೆ ಗುಬುಟು ತುಂಬಿದೆ.

ಸ್ಲೈಡುಹುಡುಗಿ
ಅಬ್ಬಾ ಅಂಕಲ್! ಪಟ್ಟಿ ಬುಡಕ್ಕೆ ಮಾತ್ರ, ಕೋಶಕ್ಕೆ ತುಂಬಾ ಗುಬುಟು. ಮೇಷ್ಟ್ರೇ, ಫಿಸಿಡೆನ್ಸ್ ಸೈಲೋನೆನ್ಸಿಸ್ ಇರಬಹುದಾ?

ಬಾಟನಿಮೇಷ್ಟ್ರು
ಇರಬಹುದು. ಆದರೆ ಪುಸ್ತಕದಲ್ಲಿ ಈಗಲೇ ಬರೆಯುವುದು ಬೇಡ. ಲೋಕದಲ್ಲಿ ಫಿಸಿಡೆನ್ಸ್ ನಾನ್ನೂರಕ್ಕೂ ಹೆಚ್ಚು ಜಾತಿ. ಆ ಪಟ್ಟಿ ಎಲ್ಲ ಎಲೆಗಳಲ್ಲೂ ಇದೆಯೇ, ಕ್ಯಾಪ್ಸೂಲ್ ಸುತ್ತಲ ಎಲೆಗಳಲ್ಲಿ ಮಾತ್ರವೇ? ಒಂದೊಂದು ಕೋಶಕ್ಕೆ ಎಷ್ಟು ಗುಬುಟು? ಇಷ್ಟಾದರೂ ತಿಳಿಯಬೇಕು. ಜೊತೆಗೆ ನಮ್ಮ ಕೈಯಲ್ಲಿರುವ ದೊಡ್ಡ ಗ್ರಂಥ ಗಂಗೂಲಿಯವರದ್ದು, 1969ರಿಂದ 1980ರವರೆಗೆ ಕಂತುಗಳಲ್ಲಿ ಬಂದದ್ದು. ಅದು ಪೂರ್ವ ಭಾರತದ ಹಾವಸೆಗಳಿಗೆ ಬರೆದದ್ದು. ದಕ್ಷಿಣಕ್ಕೆ ಪಳನಿ ಬೆಟ್ಟಗಳ ಮೇಲೆ ಫೋರೋ ಅವರು 1961ರಲ್ಲಿ ಬರೆದದ್ದುಂಟು. ಲಕ್ಷಣ ನೋಡುತ್ತ ಹೆಸರಿಗೆ ಕರೆದೊಯ್ಯುವ ಕೀ ಹಿಡಿದು ಹೋದರೆ ಯಾವುದಾದರೂ ಒಂದು ಹೆಸರಿಗೆ ಬಂದೇ ಬರುತ್ತೇವೆ, ನಮ್ಮ ಗಿಡ ಆ ಪುಸ್ತಕದಲ್ಲಿ ಇಲ್ಲದಿದ್ದರೂ!

ಸ್ಲೈಡುಹುಡುಗಿ
ಹಾಗಂತ ಎಲ್ಲರೂ ಜಾತಿ ಮಟ್ಟಕ್ಕೆ ಹೋಗೋದನ್ನೇ ಬಿಟ್ರೆ ಮಲೆನಾಡಿನ ಪಟ್ಟಿ ಯಾವತ್ತೂ ಬೆಳೆಯಲ್ಲ ಮೇಷ್ಟ್ರೇ. ಅನುಮಾನ ಇದೆ ಅಂತ ಸ್ಪಷ್ಟವಾಗಿ ಬರೆದು ಹೆಸರು ಹಾಕಿದ್ರೆ ಮುಂದಿನವರು ಹುಡುಕೋಕೆ ದಾರಿ ಆಗುತ್ತೆ.

ಬಾಟನಿಮೇಷ್ಟ್ರು
ಮಗಳೇ, ಅನುಮಾನದ ಗುರುತು ಎರಡನೇ ಕೈಗೆ ಹೋಗುವಾಗ ಬಿದ್ದುಹೋಗುತ್ತದೆ, ಹೆಸರು ಮಾತ್ರ ಉಳಿಯುತ್ತದೆ. ಫಿಸಿಡೆನ್ಸ್ ಎಂದಷ್ಟೇ ಬರೆದು ಗಿಡವನ್ನು ಪೊಟ್ಟಣದಲ್ಲಿ ಇಟ್ಟರೆ ಯಾವಾಗ ಬೇಕಾದರೂ ಮುಂದೆ ಹೋಗಬಹುದು.

ಮಳಿಮಾಡ
ಇಬ್ರದೂ ಖರೇ ಐತಿ, ಆದ್ರ ನಾ ಮೇಷ್ಟ್ರ ಕಡೆ. ಪೊಟ್ಟಣ ಇಲ್ಲದ ಹೆಸರಿಗೆ ಕಿಮ್ಮತ್ತಿಲ್ಲ.

ತುಂಗೆಯಂಚು
ಪೊಟ್ಟಣ ಹೇಗೆ ಮಾಡೋದು? ಪ್ಲಾಸ್ಟಿಕ್ ಕವರಲ್ಲಿ ಹಾಕಿಟ್ಟಿದ್ದೇನೆ ಸದ್ಯಕ್ಕೆ.

ಮಳಿಮಾಡ
ಪ್ಲಾಸ್ಟಿಕ್ ಈಗಿಂದೀಗ ತಗೀರಿ, ಬೂಸಲಾ ಹಿಡೀತದ. ಬಿಳಿ ಹಾಳಿ ಮಡಚಿ ಪೊಟ್ಟಣ ಮಾಡ್ರಿ, ನೆರಳಾಗ ಒಣಗಸ್ರಿ. ಒತ್ತೂ ಜರೂರಿಲ್ಲ. ಹೆಬ್ಬೆರಳ ಉಗುರಿನಷ್ಟು ಗಿಡ ಸಾಕು. ಮ್ಯಾಲ ಊರು, ತಾರೀಖು, ಎತ್ತರ, ಯಾವುದರ ಮ್ಯಾಲ ಬೆಳದಿತ್ತು, ನೆರಳೋ ಬಿಸಿಲೋ, ಯಾರು ತಗದಿದ್ದು, ಎಲ್ಲಾ ಪೆನ್ಸಿಲ್ಲಿನಾಗ ಬರೀರಿ. ಹತ್ತಾರು ವರ್ಷ ಬಿಟ್ಟು ನೀರಾಗ ಹಾಕಿದ್ರೂ ಎಲಿ ಹಂಗ ಬಿಚ್ಚತಾವ.

ಹೂಕುಂಡ
ಕುದುರೆಮುಖದ ಕಡೆ ಟ್ರೆಕ್ ಹೋಗ್ತಿದ್ದೀವಿ. ಅಲ್ಲಿಂದಲೂ ಸ್ವಲ್ಪ ತರಲಾ?

ಸ್ಲೈಡುಹುಡುಗಿ
ಬೇಡ ಅಣ್ಣಾ. ರಾಷ್ಟ್ರೀಯ ಉದ್ಯಾನದ ಒಳಗಿಂದ ಅನುಮತಿ ಇಲ್ಲದೆ ಏನನ್ನೂ ತರುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಒಣಗಿದ್ದಾಗ ಒಂದು, ನೀರು ಚಿಮುಕಿಸಿ ಒಂದು, ಲೆನ್ಸ್ ಹಿಡಿದು ಪಕ್ಕದಿಂದ ಒಂದು ಫೋಟೋ ತೆಗೆದು ಇಲ್ಲಿ ಹಾಕಿ. ರಸ್ತೆ ಬದಿ ದರೆಯಲ್ಲಿ ಉದ್ದ ಕೂದಲಿನ ಟೋಪಿ ಹಾಕಿರೋ ಕ್ಯಾಪ್ಸೂಲ್ ಕಂಡರೆ ಅದು ಪೊಗೊನೇಟಮ್. ಅದಕ್ಕೆ 32 ಹಲ್ಲು.

ತುಂಗೆಯಂಚು
ದರೆಯ ಗಿಡದಲ್ಲಿ ಈಗ ಕ್ಯಾಪ್ಸೂಲ್ ಇಲ್ಲ. ಬಂದಾಗ ಸುತ್ತಲಿನ ಎಲೆ ಬಿಡಿಸಿ ಪಟ್ಟಿ ಎಲ್ಲೆಲ್ಲಿದೆ ಅಂತ ಇದೇ ಚರ್ಚೆಯಲ್ಲಿ ಬರೀತೇನೆ. ಮೇಷ್ಟ್ರೇ, ಪೊಟ್ಟಣ ಎರಡು ಮಾಡಿದ್ದೇನೆ, ಒಂದು ನಿಮಗೆ ಅಂಚೆಯಲ್ಲಿ ಕಳಿಸಲೇ?

ಬಾಟನಿಮೇಷ್ಟ್ರು
ಕಳಿಸಿ. ವಿಳಾಸ ಖಾಸಗಿ ಸಂದೇಶದಲ್ಲಿ ಹಾಕಿದ್ದೇನೆ. ದರೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದೂ ಬರೆಯಿರಿ.

ಸ್ಲೈಡುಹುಡುಗಿ
ಅಂಕಲ್, ಮೂರನೇ ಪೊಟ್ಟಣ ನನಗೆ!